ಶಿಕ್ಷೆಯ ಮೇಲಣ ಅಪೀಲು



ಯಾವುದಾದರೊಂದು ಘೋರವಾದ ಕೊಲೆಯ ಮೊಕದ್ದಮೆ ತೀರ್ಮಾನವಾದ ಮರುದಿನ ಬೆಳಿಗ್ಗೆ, ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ವೃತ್ತಪತ್ರಿಕೆಯನ್ನು ಬಿಡಿಸಿದೊಡನೆ ನಮ್ಮ ಬಾಯಿಂದ ಹೊರಡುವ ಮಾತು ಸಾಮಾನ್ಯವಾಗಿ ಎರಡರಲ್ಲೊಂದು. "ಪಾಪಿಗೆ ತಕ್ಕ ಶಾಸ್ತಿಯಾಯಿತು" ಎನ್ನುತ್ತೇವೆ, ಇಲ್ಲವೆ "ಇಷ್ಟೇ ಶಿಕ್ಷೆಯೆ?" ಎನ್ನುತ್ತೇವೆ. ಆ ಮೇಲೆ ಕೆಲವು ವರ್ಷ ಕಳೆದು, ಆ ಮೊಕದ್ದಮೆಯನ್ನು ನಾವು ಮರೆತಿರುವ ಹೊತ್ತಿಗೆ, ಮೇಲಿನ ನ್ಯಾಯಸ್ಥಾನವು ಶಿಕ್ಷೆಯನ್ನು ಇಳಿಸಿತೆಂಬ ವಾರ್ತೆ ಪತ್ರಿಕೆಯ ಮೂಲೆಯಲ್ಲಿ ಕಾಣುತ್ತದೆ. ಆಗ ನಮಗೆ ಸಿಟ್ಟು ಬರುತ್ತದೆ. "ಕೊಲೆ ಮಾಡಿದವನೆಂದು ರುಜುವಾತಾದ ಮೇಲೆ ಅಪೀಲೇನು, ಕನಿಕರವೇನು?" ಎಂದು ಕೇಳುತ್ತೇವೆ.

ಈ ಪ್ರಶ್ನೆ ಅಸಡ್ಡೆಯಿಂದ ತಳ್ಳಿಬಿಡತಕ್ಕ ಪ್ರಶ್ನೆಯಲ್ಲ. ಅದರ ಹಿಂದೆ ಸತ್ತವರ ಮನೆಯ ಕಣ್ಣೀರಿದೆ. ಆದರೂ ಆ ಪ್ರಶ್ನೆಗೆ ಉತ್ತರವುಂಟು; ಆ ಉತ್ತರವು ಅಪರಾಧಿಯ ಹಿತವನ್ನು ಮಾತ್ರವಲ್ಲದೆ ನಮ್ಮೆಲ್ಲರ ಹಿತವನ್ನೂ ಕುರಿತದ್ದು. ಇಂದು ಅದನ್ನು ನಿಮ್ಮೊಡನೆ ವಿಚಾರಮಾಡಬೇಕೆಂದು ಬಂದಿದ್ದೇವೆ.

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳೋಣ. ಪ್ರತಿಯೊಂದು ಕ್ರಿಮಿನಲ್ ಮೊಕದ್ದಮೆಯಲ್ಲಿಯೂ ನ್ಯಾಯಾಧಿಪತಿಯ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಇವನು ಈ ಕೃತ್ಯವನ್ನು ಮಾಡಿದನೇ ಎಂಬುದು ಒಂದು. ಮಾಡಿದ್ದರೆ, ಇವನಿಗೆ ಎಷ್ಟು ಶಿಕ್ಷೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಉತ್ತರವುಂಟು. ಎರಡನೆಯ ಪ್ರಶ್ನೆ ತಕ್ಕಡಿಯ ಪ್ರಶ್ನೆ. ಐದು ವರ್ಷವೇ, ಹತ್ತು ವರ್ಷವೇ, ಜೀವಾವಧಿಯೇ, ನೇಣೇ ಎಂಬುದನ್ನು ಸಾಕ್ಷಿಗಳು ಬಂದು ಹೇಳಲಾರರು. ಅದನ್ನು ಒಬ್ಬ ಮನುಷ್ಯನು ತನ್ನ ವಿವೇಕದಿಂದ ನಿಶ್ಚಯಿಸಬೇಕು. ಮನುಷ್ಯನು ನಿಶ್ಚಯಿಸಿದ್ದರಲ್ಲಿ ತಪ್ಪಿರುವ ಸಂಭವವುಂಟು. ಶಿಕ್ಷೆಯ ಪ್ರಮಾಣದ ಮೇಲೆ ಅಪೀಲು ಹೂಡಿದವನು ಈ ಎರಡನೆಯ ಪ್ರಶ್ನೆಯನ್ನು ಮಾತ್ರವೇ ಎತ್ತುತ್ತಾನೆ. "ನಾನು ಮಾಡಲಿಲ್ಲ" ಎಂದು ಅವನು ಅಲ್ಲಿ ಹೇಳುತ್ತಿಲ್ಲ. "ನನ್ನ ತಪ್ಪಿನ ತೂಕ ಇಷ್ಟಿಲ್ಲ" ಎಂದು ಹೇಳುತ್ತಿದ್ದಾನೆ.

ಈ ವಿಚಾರ ಪರದೇಶದಿಂದ ಬಂದುದೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ದಂಡವು ಅತಿ ತೀಕ್ಷ್ಣವಾದರೆ ಪ್ರಜೆಗಳು ರಾಜನಿಗೆ ಹೆದರಿ ದೂರವಾಗುವರು, ಅತಿ ಮೃದುವಾದರೆ ಅವನನ್ನು ತಿರಸ್ಕರಿಸುವರು, ಯಥಾರ್ಹವಾದ ದಂಡವನ್ನು ವಿಧಿಸುವವನೇ ಪೂಜ್ಯನು ಎಂಬ ಅಭಿಪ್ರಾಯವನ್ನು ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಹೇಳಿದ್ದಾನೆ. ಅಪರಾಧ, ದೇಶ, ಕಾಲ, ಶಕ್ತಿ, ವಯಸ್ಸು, ವೃತ್ತಿ, ಧನ ಇವೆಲ್ಲವನ್ನೂ ತಿಳಿದುಕೊಂಡು ದಂಡವನ್ನು ವಿಧಿಸಬೇಕೆಂಬುದು ಯಾಜ್ಞವಲ್ಕ್ಯಸ್ಮೃತಿಯ ವಿಧಿ. ಸರಿಯಾಗಿ ನೋಡದೆ ತೀರ್ಮಾನಿಸಿದ ವ್ಯವಹಾರವನ್ನು ರಾಜನು ಮತ್ತೆ ವಿಚಾರಿಸಬೇಕು, ತಪ್ಪು ತೀರ್ಪುಕೊಟ್ಟ ಸಭ್ಯರನ್ನೂ ದಂಡಿಸಬೇಕು ಎಂದೂ ಆ ಸ್ಮೃತಿಯಲ್ಲಿದೆ. ಅದಕ್ಕೆ ಮಿತಾಕ್ಷರವೆಂಬ ಹೆಸರಾಂತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿದ್ದವನು. ಅದು ಇಂದಿನ ನಮ್ಮ ಬಸವಕಲ್ಯಾಣ. ಆ ಗ್ರಂಥಗಳಲ್ಲಿ ಒಂದೇ ತಪ್ಪಿಗೆ ಜಾತಿಯನ್ನು ನೋಡಿ ಬೇರೆ ಬೇರೆ ದಂಡವನ್ನು ಹೇಳಿರುವುದನ್ನು ನಾವು ಇಂದು ಒಪ್ಪಲಾರೆವು, ಒಪ್ಪಲೂಕೂಡದು. ಆದರೆ ಅಪರಾಧವನ್ನು ಮಾತ್ರವಲ್ಲ, ಅಪರಾಧಿಯನ್ನೂ ನೋಡಬೇಕು, ಮತ್ತು ನೋಡಿದ್ದನ್ನು ಇನ್ನೊಮ್ಮೆ ನೋಡುವ ದಾರಿ ಇರಬೇಕು ಎಂಬ ಎರಡು ಮಾತುಗಳು ನಮ್ಮ ನೆಲದಲ್ಲಿ ಹಳೆಯವು.

ಈಗ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಇದು ಕಲ್ಪಿತವಾದುದು, ಆದರೆ ನಮ್ಮ ಸೆಷನ್ಸ್ ಕೋರ್ಟುಗಳಲ್ಲಿ ಇಂತಹ ಸಂಗತಿಗಳು ಅಪರೂಪವಲ್ಲ. ಅಕ್ಕಪಕ್ಕದ ಗದ್ದೆಯ ಇಬ್ಬರು ರೈತರು. ನಾಲೆಯ ನೀರಿನ ಸರದಿಯ ವಿಷಯದಲ್ಲಿ ರಾತ್ರಿ ಮಾತಿಗೆ ಮಾತು ಬೆಳೆಯುತ್ತದೆ. ಒಬ್ಬನು ಕೈಯಲ್ಲಿದ್ದ ಗುದ್ದಲಿಯನ್ನು ಎತ್ತಿ ಒಂದೇ ಏಟು ಹಾಕುತ್ತಾನೆ. ಇನ್ನೊಬ್ಬನು ಬೆಳಗಾಗುವಷ್ಟರಲ್ಲಿ ಸಾಯುತ್ತಾನೆ. ಮತ್ತೊಂದು ಊರಿನಲ್ಲಿ ಒಬ್ಬನು ಮೂರು ತಿಂಗಳು ಹೊಂಚುಹಾಕಿ, ಆಸ್ತಿಯ ಆಸೆಯಿಂದ, ತನ್ನನ್ನು ನಂಬಿದವರಿಗೆ ಅನ್ನದಲ್ಲಿ ವಿಷವನ್ನಿಕ್ಕುತ್ತಾನೆ. ಸತ್ತವರ ಮನೆಯವರಿಗೆ ಎರಡು ಸಾವೂ ಒಂದೇ. ವಿಧವೆಯ ದುಃಖದಲ್ಲಿ ಸೆಕ್ಷನ್ನುಗಳಿಲ್ಲ. ಆದರೆ ಕೊಂದವರ ಮನಸ್ಸಿನಲ್ಲಿ ಇದ್ದುದು ಒಂದೇ ಅಲ್ಲ. ಆದುದರಿಂದ ಶಿಕ್ಷೆಯೂ ಒಂದೇ ಆಗಲಾರದು.

1860ರ ಭಾರತೀಯ ದಂಡಸಂಹಿತೆ ಈ ಭೇದವನ್ನು ಕಂಡಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಸೆರೆ, ಅದಕ್ಕಿಂತ ಕಡಮೆಯಿಲ್ಲ. ಕೊಲೆಯೆನ್ನಿಸದ ನರಹತ್ಯೆಗೆ, ಕೊಲ್ಲುವ ಉದ್ದೇಶವಿತ್ತೇ ಅಥವಾ ಸಾಯಬಹುದೆಂಬ ತಿಳಿವಳಿಕೆ ಮಾತ್ರವಿತ್ತೇ ಎಂಬುದನ್ನು ನೋಡಿ ಬೇರೆ ಬೇರೆ ಶಿಕ್ಷೆ. ಹಠಾತ್ತಾದ ಜಗಳದಲ್ಲಿ, ಮುಂಚಿತವಾದ ಆಲೋಚನೆಯಿಲ್ಲದೆ, ಆವೇಶದ ಭರದಲ್ಲಿ, ಅನುಚಿತವಾದ ಲಾಭವನ್ನು ಪಡೆಯದೆ, ಕ್ರೂರತನವನ್ನು ತೋರದೆ ಹೊಡೆದ ಏಟಾದರೆ ಅದು ಕೊಲೆಯಲ್ಲವೆಂದು ಕಾನೂನು ಹೇಳುತ್ತದೆ. ಆದುದರಿಂದ ಗುದ್ದಲಿಯ ಏಟು ಹಾಕಿದವನಿಗೆ ಕೆಳಗಿನ ನ್ಯಾಯಸ್ಥಾನವು ಕೊಲೆಯ ಶಿಕ್ಷೆಯನ್ನು ಕೊಟ್ಟಿದ್ದರೆ, ಅವನ ಅಪೀಲಿನ ಮುಖ್ಯವಾದ ವಾದ, ಅದು ಯಾವ ಸೆಕ್ಷನ್ನಿಗೆ ಸೇರುತ್ತದೆಂಬುದೇ ಆಗಿರುತ್ತದೆ. ಒಂದು ಸೆಕ್ಷನ್ನಿಗೂ ಅದರ ಮುಂದಿನ ಸೆಕ್ಷನ್ನಿಗೂ ಮಧ್ಯೆ ಒಬ್ಬ ಮನುಷ್ಯನ ಅರ್ಧ ಆಯುಸ್ಸು ಅಡಗಿರುತ್ತದೆ.

ಶಿಕ್ಷೆಯ ವಿಷಯದಲ್ಲಿ ನಮ್ಮ ದೇಶದ ಕಾನೂನು ನಡೆದು ಬಂದ ದಾರಿಯನ್ನು ಸ್ವಲ್ಪ ನೋಡೋಣ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಪ್ರಕಾರ, ಮರಣದಂಡನೆಗೆ ಅರ್ಹವಾದ ಅಪರಾಧದಲ್ಲಿ ನ್ಯಾಯಾಧಿಪತಿಯು ಬೇರೆ ಶಿಕ್ಷೆಯನ್ನು ಕೊಟ್ಟರೆ ಏಕೆ ಕೊಟ್ಟೆನೆಂದು ಕಾರಣವನ್ನು ಬರೆಯಬೇಕಾಗಿತ್ತು. ಎಂದರೆ ನೇಣೇ ನಿಯಮ, ಜೀವದಾನವೇ ಅಪವಾದ. 1955ರ ತಿದ್ದುಪಡಿಯಿಂದ ಆ ಕಟ್ಟು ಸಡಿಲವಾಯಿತು. 1973ರ ಹೊಸ ಕೋಡು ತಕ್ಕಡಿಯನ್ನು ಪೂರ್ಣವಾಗಿ ತಿರುಗಿಸಿತು. ಮರಣದಂಡನೆಯನ್ನು ಕೊಟ್ಟರೆ ಅದಕ್ಕೆ ವಿಶೇಷವಾದ ಕಾರಣಗಳನ್ನು ಬರೆಯಬೇಕೆಂದು ವಿಧಿಸಿತು. 1980ರಲ್ಲಿ ಬಚನ್ ಸಿಂಗನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನಪೀಠವು ಮರಣದಂಡನೆಯನ್ನು ಎತ್ತಿಹಿಡಿದರೂ, ಅದನ್ನು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಮೀಸಲಿಟ್ಟಿತು.

ಅದೇ 1973ರ ಕೋಡು ಇನ್ನೊಂದು ಉಪಕಾರವನ್ನು ಮಾಡಿತು. ಅಪರಾಧಿಯೆಂದು ನಿರ್ಣಯಿಸಿದ ಮೇಲೆ, ಶಿಕ್ಷೆಯ ವಿಷಯದಲ್ಲಿ ಅವನು ಹೇಳುವುದನ್ನು ನ್ಯಾಯಾಧಿಪತಿಯು ಪ್ರತ್ಯೇಕವಾಗಿ ಕೇಳಬೇಕು. 1976ರಲ್ಲಿ ಸಾಂತಾ ಸಿಂಗನೆಂಬವನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಿತು. ಅವನಿಗೆ ಮರಣದಂಡನೆಯಾಗಿತ್ತು, ಆದರೆ ಶಿಕ್ಷೆಯ ಬಗೆಗೆ ಅವನನ್ನು ಯಾರೂ ಒಂದು ಮಾತನ್ನೂ ಕೇಳಿರಲಿಲ್ಲ. ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ತೆಗೆದುಹಾಕಿ, ಅವನ ಮಾತನ್ನು ಕೇಳಿ ಮತ್ತೆ ತೀರ್ಮಾನಿಸಬೇಕೆಂದು ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿತು. ನೇಣಿನ ಹಗ್ಗದ ಮುಂದೆ ನಿಂತವನಿಗೂ ಒಂದು ಮಾತು ಹೇಳುವ ಹಕ್ಕುಂಟೆಂಬುದು ಆ ತೀರ್ಪಿನ ಸಾರ.

ಇನ್ನು ಅಪೀಲಿನ ಕ್ರಮ. 1973ರ ಕೋಡಿಗೆ ಬದಲಾಗಿ ಈಗ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಕಲಮುಗಳ ಸಂಖ್ಯೆ ಬದಲಾದರೂ ಈ ಭಾಗದ ತತ್ತ್ವಗಳು ಬದಲಾಗಿಲ್ಲ. ಸೆಷನ್ಸ್ ಜಡ್ಜರು ವಿಧಿಸಿದ ಶಿಕ್ಷೆಯ ಮೇಲೆ ಹೈಕೋರ್ಟಿಗೆ ಅಪೀಲುಂಟು. ಅದಕ್ಕೆ ಅರವತ್ತು ದಿನಗಳ ಅವಧಿ. ಮರಣದಂಡನೆಯಾದರೆ ಮೂವತ್ತು ದಿನ. ಮರಣದಂಡನೆಯಂತೂ, ಅಪರಾಧಿಯು ಅಪೀಲು ಮಾಡಲಿ ಬಿಡಲಿ, ಹೈಕೋರ್ಟು ಸ್ಥಿರಪಡಿಸಿದ ಹೊರತು ಜಾರಿಯಾಗತಕ್ಕದ್ದಲ್ಲ. ಸೆರೆಯ ಶಿಕ್ಷೆಯಾದವನಿಗೆ ತೀರ್ಪಿನ ನಕಲನ್ನು ವೆಚ್ಚವಿಲ್ಲದೆ ಕೊಡಬೇಕು. ಅವನು ಸೆರೆಮನೆಯಲ್ಲಿದ್ದರೆ, ಅರ್ಜಿಯನ್ನು ಸೆರೆಮನೆಯ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು. ಅದನ್ನು ನ್ಯಾಯಸ್ಥಾನಕ್ಕೆ ಮುಟ್ಟಿಸುವುದು ಆ ಅಧಿಕಾರಿಯ ಕರ್ತವ್ಯ. ವಕೀಲರನ್ನಿಡಲು ಶಕ್ತಿಯಿಲ್ಲದ ಖೈದಿಗೆ ಸರಕಾರದ ವೆಚ್ಚದಲ್ಲಿ ವಕೀಲರ ನೆರವು ದೊರೆಯಬೇಕೆಂದು 1978ರಲ್ಲಿ ಹೊಸ್ಕೋಟ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸಾರಿತು; 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು ಬಂಧನದಲ್ಲಿರುವ ಎಲ್ಲರಿಗೂ ಆ ನೆರವನ್ನು ಹಕ್ಕಾಗಿ ಮಾಡಿತು. ತಮ್ಮ ಮನೆಯ ಕೆಲಸದವಳ ಮಗನೋ, ಊರಿನ ಒಕ್ಕಲಿನವನೋ ಸೆರೆಮನೆಯಲ್ಲಿದ್ದರೆ, ಈ ಮಾತುಗಳನ್ನು ಅವರಿಗೆ ತಿಳಿಸುವುದು ಓದುಬಲ್ಲ ನಮ್ಮಂಥವರು ಮಾಡಬಹುದಾದ ಸಣ್ಣ ಕೆಲಸ. ಅವಧಿ ತಿಳಿಯದೆ ಅಪೀಲು ಕೈತಪ್ಪಿದರೆ ಅದರ ಬೆಲೆಯನ್ನು ವರ್ಷಗಳಿಂದ ತೆರಬೇಕಾಗುತ್ತದೆ.

ಅಪೀಲು ಮಾಡಿದರೆ ಶಿಕ್ಷೆ ಇನ್ನೂ ಹೆಚ್ಚಾದೀತೆಂದು ಹೆದರುವವರುಂಟು. ಇಂಗ್ಲೆಂಡಿನಲ್ಲಿ 1907ರಲ್ಲಿ ಕ್ರಿಮಿನಲ್ ಅಪೀಲು ನ್ಯಾಯಸ್ಥಾನವನ್ನು ಸ್ಥಾಪಿಸಿದಾಗ, ಅಪೀಲುದಾರನ ಶಿಕ್ಷೆಯನ್ನು ಹೆಚ್ಚಿಸುವ ಅಧಿಕಾರವನ್ನೂ ಅದಕ್ಕೆ ಕೊಟ್ಟಿದ್ದರು. 1966ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮಲ್ಲಿ, ಶಿಕ್ಷಿತನು ತಾನಾಗಿ ಹೂಡಿದ ಅಪೀಲಿನಲ್ಲಿ ಶಿಕ್ಷೆಯನ್ನು ಹೆಚ್ಚಿಸಕೂಡದೆಂದು ಕಾನೂನೇ ಹೇಳುತ್ತದೆ. ಶಿಕ್ಷೆ ಕಡಮೆಯಾಯಿತೆಂದು ಸರಕಾರವು ಬೇರೆ ಅಪೀಲು ಮಾಡಬಹುದು. ಆಗಲೂ ಅಪರಾಧಿಗೆ ತಿಳುವಳಿಕೆ ಕೊಟ್ಟು, ಅವನ ಮಾತನ್ನು ಕೇಳಿದ ಹೊರತು ಒಂದು ದಿನವನ್ನೂ ಸೇರಿಸುವಂತಿಲ್ಲ.

ತಕ್ಕಡಿ ಎರಡು ಕಡೆಗೂ ತೂಗುತ್ತದೆಂಬುದಕ್ಕೆ ನಮ್ಮ ಕರ್ನಾಟಕದಿಂದಲೇ ಹೋದ ಎರಡು ಮೊಕದ್ದಮೆಗಳನ್ನು ಹೇಳುತ್ತೇವೆ. ಮೊದಲನೆಯದರಲ್ಲಿ, ಏಳೆಂಟು ವರ್ಷದ ಹೆಣ್ಣುಮಗುವಿನ ಮೇಲೆ ಅತ್ಯಾಚಾರವೆಸಗಿದವನಿಗೆ ಸೆಷನ್ಸ್ ಕೋರ್ಟು ಹತ್ತು ವರ್ಷದ ಕಠಿಣ ಸಜೆಯನ್ನು ಕೊಟ್ಟಿತ್ತು. ಅವನು ಅಕ್ಷರಜ್ಞಾನವಿಲ್ಲದ ದುರ್ಬಲವರ್ಗದವನು, ಕುಡಿತಕ್ಕೆ ದಾಸನು, ಅವನನ್ನು ನೆಚ್ಚಿದ ಸಂಸಾರವುಂಟು ಎಂಬ ಕಾರಣಗಳ ಮೇಲೆ ಹೈಕೋರ್ಟು ಅದನ್ನು ನಾಲ್ಕು ವರ್ಷಕ್ಕೆ ಇಳಿಸಿತು. ರಾಜ್ಯವು ಅಪೀಲು ಮಾಡಿತು. 2000ದಲ್ಲಿ ಸುಪ್ರೀಂ ಕೋರ್ಟು ಹತ್ತು ವರ್ಷದ ಶಿಕ್ಷೆಯನ್ನು ಮತ್ತೆ ನಿಲ್ಲಿಸಿತು. ಇಂತಹ ಅಪರಾಧದಲ್ಲಿ ಶಿಕ್ಷೆಯ ಅಳತೆಯು ಅಪರಾಧಿಯ ಅಥವಾ ನೊಂದವಳ ಸಾಮಾಜಿಕ ಅಂತಸ್ತನ್ನು ಅವಲಂಬಿಸಲಾರದು, ಅವನ ನಡತೆಯನ್ನೂ ಅವಳ ವಯಸ್ಸು ಮತ್ತು ಸ್ಥಿತಿಯನ್ನೂ ಕೃತ್ಯದ ಘೋರತೆಯನ್ನೂ ಅವಲಂಬಿಸಬೇಕು ಎಂಬುದು ಅಲ್ಲಿನ ನಿರ್ಣಯ. ಬಡತನವು ಕನಿಕರಕ್ಕೆ ಪಾತ್ರವೇ ಸರಿ. ಆದರೆ ಆ ಮಗುವೂ ಸಿರಿವಂತರ ಮನೆಯದಾಗಿರಬೇಕೆಂದಿಲ್ಲವಷ್ಟೆ!

ಎರಡನೆಯದು ಸ್ವಾಮಿ ಶ್ರದ್ಧಾನಂದನೆಂಬವನ ಮೊಕದ್ದಮೆ. ತನ್ನನ್ನು ನಂಬಿ ಮದುವೆಯಾದ ಹೆಂಡತಿಯನ್ನು ಬೆಂಗಳೂರಿನ ಅವಳ ಮನೆಯಲ್ಲಿಯೇ ಕೊಂದು ಹೂತ ಅಪರಾಧವದು. ಸೆಷನ್ಸ್ ಕೋರ್ಟು ಮರಣದಂಡನೆಯನ್ನು ವಿಧಿಸಿತು, ಹೈಕೋರ್ಟು ಅದನ್ನು ಸ್ಥಿರಪಡಿಸಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ವಿಷಯದಲ್ಲಿ ಒಮ್ಮತಕ್ಕೆ ಬಂದರೂ ಶಿಕ್ಷೆಯ ವಿಷಯದಲ್ಲಿ ಭಿನ್ನರಾದರು. ಕೃತ್ಯ ಒಂದೇ, ಸಾಕ್ಷ್ಯ ಒಂದೇ, ಗ್ರಂಥ ಒಂದೇ. ಒಬ್ಬರಿಗೆ ನೇಣು ಕಂಡಿತು, ಒಬ್ಬರಿಗೆ ಸೆರೆ ಕಂಡಿತು. ಶಿಕ್ಷೆಯ ಮೇಲೆ ಅಪೀಲು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಮಾಧಾನ ಬೇಕಾಗಿಲ್ಲ. ಕಡೆಗೆ 2008ರಲ್ಲಿ ಮೂವರ ಪೀಠವು ಮರಣದಂಡನೆಯನ್ನು ತೆಗೆದು, ಅವನು ಬದುಕಿರುವವರೆಗೆ ಸೆರೆಯಿಂದ ಬಿಡತಕ್ಕದ್ದಲ್ಲವೆಂದು ಆಜ್ಞೆಮಾಡಿತು.

ಈ ತೀರ್ಪಿನ ಕಾರಣವನ್ನು ಗಮನಿಸಬೇಕು. ಜೀವಾವಧಿ ಎಂದರೆ ಹದಿನಾಲ್ಕು ವರ್ಷವೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಇದು ತಪ್ಪು. ಜೀವಾವಧಿಯೆಂದರೆ ಜೀವವಿರುವ ತನಕ ಎಂದು 1961ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಸರಕಾರವು ಮಾಫಿ ಕೊಟ್ಟು ಮೊದಲೇ ಬಿಡಬಹುದು. ಆದರೆ ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧದಲ್ಲಿ ಹದಿನಾಲ್ಕು ವರ್ಷ ಕಳೆಯುವುದಕ್ಕೆ ಮುಂಚೆ ಬಿಡಕೂಡದು. ಹದಿನಾಲ್ಕು ಎಂಬುದು ಇಲ್ಲಿ ಕೆಳಗಿನ ಗೆರೆ, ಮೇಲಿನ ಗೆರೆಯಲ್ಲ. ಆದರೂ ಆಚರಣೆಯಲ್ಲಿ ಹದಿನಾಲ್ಕು ವರ್ಷಕ್ಕೂ ನೇಣಿಗೂ ಮಧ್ಯೆ ದೊಡ್ಡ ಕಂದರವುಂಟಾಗಿತ್ತು. ಒಂದು ತೀರ ಕಡಮೆಯೆಂದು ಕಂಡಾಗ ನ್ಯಾಯಾಧಿಪತಿಯು ಇನ್ನೊಂದಕ್ಕೆ ಹಾರಬೇಕಾಗುತ್ತಿತ್ತು. ಆ ಕಂದರಕ್ಕೆ ಸೇತುವೆ ಕಟ್ಟಿದ್ದು ಈ ತೀರ್ಪು. 2015ರಲ್ಲಿ ಸಂವಿಧಾನಪೀಠವು ಬಹುಮತದಿಂದ ಇದನ್ನು ಒಪ್ಪಿ, ಇಂತಹ ಶಿಕ್ಷೆಯನ್ನು ವಿಧಿಸುವ ಅಧಿಕಾರವು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಮಾತ್ರವಿದೆಯೆಂದು ನಿರ್ಣಯಿಸಿತು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. "ಅಪರಾಧಿಗೆ ಇಷ್ಟು ಬಾಗಿಲುಗಳಿವೆ, ನೊಂದವರಿಗೆ ಯಾವುದಿದೆ?" ಎಂದು ಕೇಳುವಿರಿ. ಪ್ರಶ್ನೆ ನ್ಯಾಯವಾದದ್ದೇ. 2009ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ, ಆಪಾದಿತನು ಖುಲಾಸೆಯಾದರೆ, ಕಿರಿಯ ಅಪರಾಧಕ್ಕೆ ಮಾತ್ರ ಗುರಿಯಾದರೆ, ಅಥವಾ ಪರಿಹಾರದ ಹಣ ಸಾಲದಿದ್ದರೆ ನೊಂದವರೇ ಅಪೀಲು ಮಾಡಬಹುದು. ಆದರೆ ಶಿಕ್ಷೆ ಸಾಲದೆಂದು ಅಪೀಲು ಮಾಡುವ ಹಕ್ಕು ಅವರಿಗಿಲ್ಲ. ಅದು ಸರಕಾರದ್ದು ಮಾತ್ರವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಕಾರಣವುಂಟು. ಶಿಕ್ಷೆಯು ಹಗೆ ತೀರಿಸುವ ಸಾಧನವಾಗಬಾರದೆಂದೇ ದಂಡವನ್ನು ಮನೆಯವರ ಕೈಯಿಂದ ತೆಗೆದು ರಾಜ್ಯದ ಕೈಗೆ ಕೊಟ್ಟಿದೆ. ಆದರೆ ಕೈಗೆ ತೆಗೆದುಕೊಂಡ ರಾಜ್ಯವು ನಿದ್ರೆಮಾಡಿದರೆ, ಮನೆಯವರಿಗೆ ಎರಡನೆಯ ಸಲ ಅನ್ಯಾಯವಾದಂತೆ. ಸರಕಾರದ ವಕೀಲರು ನೊಂದವರನ್ನು ಕರೆದು, ಅಪೀಲು ಮಾಡುವೆವೋ ಇಲ್ಲವೋ, ಇಲ್ಲದಿದ್ದರೆ ಏಕೆ ಎಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಕನಿಷ್ಠ ಮರ್ಯಾದೆ.

ಹಾಗಾದರೆ ನಮಗೆ ಬೇಕಾದುದೇನು? ಮೂರು ವಿಷಯಗಳನ್ನು ಮಾತ್ರ ಸೂಚಿಸುತ್ತೇವೆ.

ಮೊದಲನೆಯದು, ಅಳತೆಗೋಲು. ಕಾನೂನು ಹಲವು ಅಪರಾಧಗಳಿಗೆ ಹತ್ತು ವರ್ಷದವರೆಗೆ ಎಂದು ಹೇಳಿ ಸುಮ್ಮನಾಗುತ್ತದೆ. ಒಂದೇ ಬಗೆಯ ಕೃತ್ಯಕ್ಕೆ ಒಂದು ಜಿಲ್ಲೆಯಲ್ಲಿ ಮೂರು ವರ್ಷ, ಪಕ್ಕದ ಜಿಲ್ಲೆಯಲ್ಲಿ ಒಂಬತ್ತು ವರ್ಷವಾದರೆ ಎರಡೂ ಕಾನೂನುಬದ್ಧವೇ. ಕರ್ನಾಟಕ ಹೈಕೋರ್ಟಿನ ಮುಖ್ಯನ್ಯಾಯಾಧೀಶರಾಗಿದ್ದ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ ಕೊಟ್ಟ ವರದಿಯಲ್ಲಿ, ಶಿಕ್ಷೆಯ ಬಗೆಗೆ ಮಾರ್ಗಸೂಚಿಗಳನ್ನು ರಚಿಸಬೇಕೆಂದು ಶಿಫಾರಸು ಮಾಡಿತ್ತು. ಸುಪ್ರೀಂ ಕೋರ್ಟೂ ಇಂತಹ ಮಾರ್ಗಸೂಚಿಗಳ ಕೊರತೆಯನ್ನು ಎತ್ತಿ ತೋರಿಸಿತು. ಅಳತೆಗೋಲಿದ್ದರೆ ಅನೇಕ ಅಪೀಲುಗಳು ಹುಟ್ಟುವುದೇ ಇಲ್ಲ.

ಎರಡನೆಯದು, ಮನುಷ್ಯನ ಪರಿಚಯ. ನ್ಯಾಯಾಧಿಪತಿಯ ಮುಂದೆ ಕೃತ್ಯದ ವಿವರ ಸಾವಿರ ಪುಟವಿರುತ್ತದೆ. ಕೃತ್ಯವನ್ನು ಮಾಡಿದವನ ವಿಷಯ ಅರ್ಧ ಪುಟವೂ ಇರುವುದಿಲ್ಲ. "ವಯಸ್ಸಾದ ತಾಯಿಯಿದ್ದಾಳೆ, ಕರುಣೆ ತೋರಿಸಬೇಕು" ಎಂಬ ಒಂದು ವಾಕ್ಯದಲ್ಲಿ ವಾದ ಮುಗಿದುಹೋಗುತ್ತದೆ. 2022ರಲ್ಲಿ ಮನೋಜ್ ಎಂಬವನ ಮೊಕದ್ದಮೆಯಲ್ಲಿ, ಮರಣದಂಡನೆಯ ಸಂಭವವಿರುವಾಗ ಅಪರಾಧಿಯ ಮನಸ್ಸಿನ ಸ್ಥಿತಿ, ಅವನು ಬೆಳೆದ ಬಗೆ, ಸೆರೆಮನೆಯಲ್ಲಿ ಅವನ ನಡತೆ ಇವುಗಳ ವರದಿಯನ್ನು ವಿಚಾರಣೆಯ ಹಂತದಲ್ಲಿಯೇ ತರಿಸಬೇಕೆಂದು ಸುಪ್ರೀಂ ಕೋರ್ಟು ವಿಧಿಸಿದೆ. ಇದು ಜೀವಾವಧಿಗೂ ದೀರ್ಘವಾದ ಸಜೆಗಳಿಗೂ ವಿಸ್ತರಿಸಬೇಕಾದ ಪದ್ಧತಿ.

ಮೂರನೆಯದು, ಕಾಲ. ಏಳು ವರ್ಷದ ಸಜೆಯ ಮೇಲಿನ ಅಪೀಲು ಎಂಟನೆಯ ವರ್ಷದಲ್ಲಿ ವಿಚಾರಣೆಗೆ ಬಂದು ಶಿಕ್ಷೆ ಇಳಿದರೆ ಇಳಿದದ್ದಾದರೂ ಏನು? ಅಪೀಲನ್ನು ಬೇಗ ಕೇಳಲಾಗದಿದ್ದರೆ, ವರ್ಷಗಟ್ಟಲೆ ಮನುಷ್ಯನನ್ನು ಒಳಗಿಟ್ಟುಕೊಂಡಿರುವುದು ನ್ಯಾಯದ ಅಣಕವಾಗುತ್ತದೆಂಬ ಅರ್ಥದ ಮಾತನ್ನು 1977ರಲ್ಲಿ ಕಾಶ್ಮೀರಾ ಸಿಂಗನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಆಡಿದೆ. ತಡವಾದ ಅಪೀಲಿನಿಂದ ನೊಂದವರಿಗೂ ನೆಮ್ಮದಿಯಿಲ್ಲ. ಆರಿದ ಗಾಯವನ್ನು ಮತ್ತೆ ಕೆದಕಿದಂತಾಗುತ್ತದೆ.

ಶ್ರೋತೃಗಳೇ, ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬುದು ನಮ್ಮ ಗಾದೆ. ನಾವು ಈ ಗಾದೆಯನ್ನು ಗುದ್ದಲಿ ಎತ್ತಿದ ರೈತನಿಗೆ ಹೇಳುತ್ತೇವೆ. ಅವನು ಎರಡು ನಿಮಿಷ ತಡೆದಿದ್ದರೆ ಒಂದು ಜೀವ ಉಳಿಯುತ್ತಿತ್ತು, ಎರಡು ಮನೆ ಉಳಿಯುತ್ತಿದ್ದವು. ಆದರೆ ಈ ಗಾದೆ ದಂಡಿಸುವವರಿಗೂ ಸಲ್ಲುತ್ತದೆ. ನೇಣಿಗೆ ಹೋದ ಜೀವವೂ ಬಾರದು, ಹೆಚ್ಚಾಗಿ ಕಳೆದ ಹತ್ತು ವರ್ಷವೂ ಬಾರದು. ಅವನಿಗೂ ನಮಗೂ ಇರಬೇಕಾದ ವ್ಯತ್ಯಾಸ ಒಂದೇ. ಅವನು ತಡೆಯದೆ ಹೊಡೆದನು. ನಾವು ತಡೆದು, ತೂಗಿ, ಮತ್ತೊಮ್ಮೆ ತೂಗಿ, ಆ ಮೇಲೆ ದಂಡಿಸುತ್ತೇವೆ. ಶಿಕ್ಷೆಯ ಮೇಲಣ ಅಪೀಲೆಂದರೆ ಆ ಎರಡನೆಯ ತೂಕ.

ಮುಂದೆ ಒಂದು ದಿನ, ಶಿಕ್ಷೆ ಇಳಿಯಿತೆಂಬ ಅಥವಾ ಏರಿತೆಂಬ ವಾರ್ತೆಯನ್ನು ಓದುವಾಗ, ಮೇಲಿನ ನ್ಯಾಯಸ್ಥಾನವು ಕೊಟ್ಟ ಕಾರಣವೇನೆಂದು ಒಂದು ಕ್ಷಣ ಹುಡುಕಿ ನೋಡಿ. ಆ ಕಾರಣವು ನಿಮಗೆ ಒಪ್ಪಿಗೆಯಾಗದಿರಬಹುದು. ಆದರೂ ಕಾರಣವನ್ನು ಕೇಳುವ ಪ್ರಜೆಗಳಿರುವ ದೇಶದಲ್ಲಿ ದಂಡವು ಯಥಾರ್ಹವಾಗಿ ಉಳಿಯುತ್ತದೆ.